ಕಾನೂನು ಒಪ್ಪಿತು, ನಕ್ಷೆ ಒಪ್ಪಲಿಲ್ಲ

(ಮಾತಾಡುತ್ತಿರುವವರು ಇಬ್ಬರು. ಒಬ್ಬರು ಮೈಸೂರಿನಲ್ಲಿ ನಗರ ಯೋಜನಾ ಇಲಾಖೆಯಿಂದ ನಿವೃತ್ತರಾದವರು, ಸನ್ನಿವೇಲ್‌ನಲ್ಲಿರುವ ಅಕ್ಕನ ಮಗಳ ಮನೆಗೆ ಬಂದಿದ್ದಾರೆ. ಇನ್ನೊಬ್ಬಳು ಆ ಅಕ್ಕನ ಮಗಳು. ಪಕ್ಕದ ಒಂದು ಸಣ್ಣ ಸಿಟಿಯ ಪ್ಲಾನಿಂಗ್ ಕೌಂಟರಿನಲ್ಲಿ ಅವಳ ಕೆಲಸ.)

— ಅಲ್ಲ ಕಣೇ, ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಮಾರೋದು ಕಾನೂನುಬದ್ಧ ಅಂತ ಮೈಸೂರಿನ ಕಾಲೇಜು ಹುಡುಗರಿಗೆಲ್ಲ ಗೊತ್ತು. ನಾನು ದಿನಾ ಬೆಳಗ್ಗೆ ವಾಕಿಂಗ್ ಹೋಗ್ತೀನಿ, ನಿನ್ನ ಗಂಡನ ಜೊತೆ ಕ್ಯುಪರ್ಟಿನೊ ಕಡೆಗೂ ಸುತ್ತಾಡಿ ಬಂದೆ. ದೋಸೆ ಹೋಟೆಲು ಸಿಗ್ತು, ಚಿನ್ನದಂಗಡಿ ಸಿಗ್ತು, ಆ ಅಂಗಡಿ ಮಾತ್ರ ಒಂದೂ ಕಣ್ಣಿಗೆ ಬೀಳಲಿಲ್ಲ.

— ಯಾಕೆ ಮಾವ, ಕೊಳ್ಳೋ ಯೋಚನೆ ಏನಾದರೂ ಇತ್ತಾ?

— ಬಿಪಿ ಮಾತ್ರೆ ನುಂಗೋದರಲ್ಲೇ ಸಾಕಾಗಿದೆ, ಬಿಡು. ಯಾವ ಸೈಟಿನಲ್ಲಿ ಏನಿರಬಹುದು, ಏನಿರಬಾರದು ಅಂತ ನೋಡೋದರಲ್ಲೇ ಸರ್ವಿಸ್ ಪೂರ್ತಿ ಕಳೆದವನು ನಾನು. ರಿಟೈರ್ ಆದರೂ ಕಣ್ಣು ಅದನ್ನೇ ಹುಡುಕುತ್ತೆ.

— ಹುಡುಕಿದರೂ ಸಿಗಲ್ಲ. ಸನ್ನಿವೇಲ್ ಆಗಲಿ ಕ್ಯುಪರ್ಟಿನೊ ಆಗಲಿ ಗಾಂಜಾ ಅಂಗಡಿಗೆ ಅನುಮತಿ ಕೊಟ್ಟಿಲ್ಲ. ಈ ಸಾಂತಾ ಕ್ಲಾರಾ ಕೌಂಟಿಯಲ್ಲಿ ವರ್ಷಗಟ್ಟಲೆ ಅಂಗಡಿ ಬಾಗಿಲು ತೆರೆದಿದ್ದದ್ದು ಸ್ಯಾನ್ ಹೋಸೆಯಲ್ಲಿ ಮಾತ್ರ. ಅಲ್ಲೂ ಬಹಳ ಕಾಲ ಎಲ್ಲ ಗೋದಾಮು, ಗ್ಯಾರೇಜು ಇರೋ ಕಡೆಗೇ ತಳ್ಳಿಸಿಕೊಂಡಿದ್ದವು. ನೀವು ವಾಕಿಂಗ್ ಹೋಗೋ ರಸ್ತೆಗಳಲ್ಲಿ ಕಾಣೋದು ಹೇಗೆ?

— ಹಾಗಾದರೆ ಜನ ಓಟು ಹಾಕಿ ಒಪ್ಪಿದ್ದು ಏನನ್ನ?

— 2016ರ ನವೆಂಬರಿನಲ್ಲಿ ಪ್ರೊಪೊಸಿಷನ್ 64 ಅಂತ ಒಂದು ಪ್ರಸ್ತಾಪ ಮತಕ್ಕೆ ಬಂತು. ಶೇಕಡಾ 57ರಷ್ಟು ಜನ ಹೌದು ಅಂದರು. 21 ತುಂಬಿದವರು ಇಟ್ಟುಕೊಳ್ಳಬಹುದು, ಸೇದಬಹುದು, ಲೈಸೆನ್ಸ್ ಇದ್ದವರು 2018ರ ಜನವರಿ 1ರಿಂದ ಮಾರಬಹುದು ಅಂತ ಆಯ್ತು. ಆದರೆ ಅದೇ ಕಾನೂನಿನ ಒಳಗೇ ಇನ್ನೊಂದು ಮಾತಿದೆ: ಯಾವ ಸಿಟಿ ಅಥವಾ ಕೌಂಟಿ ಬೇಕಾದರೂ ತನ್ನ ಗಡಿಯೊಳಗೆ ಈ ವ್ಯಾಪಾರವನ್ನು ನಿಯಂತ್ರಿಸಬಹುದು, ಪೂರ್ತಿ ಬೇಡ ಅಂತಲೂ ಹೇಳಬಹುದು. ಇವತ್ತಿಗೂ ರಾಜ್ಯದ ಅರ್ಧಕ್ಕಿಂತ ಹೆಚ್ಚು ಸಿಟಿ-ಕೌಂಟಿಗಳಲ್ಲಿ ಚಿಲ್ಲರೆ ಅಂಗಡಿಗೆ ಅವಕಾಶವಿಲ್ಲ.

— ರಾಜ್ಯ ಸರ್ಕಾರ ಹೌದು ಅಂದಮೇಲೆ ಮುನಿಸಿಪಾಲಿಟಿ ಬೇಡ ಅನ್ನೋದು ನಮ್ಮಲ್ಲಿ ನಡೆಯಲ್ಲ. ಬೆಂಗಳೂರಿಂದ ಸುತ್ತೋಲೆ ಬಂದರೆ ಮುಗೀತು.

— ಇಲ್ಲಿ ಜಮೀನಿನ ಬಳಕೆ ಊರಿನ ಕೈಯಲ್ಲಿ. ಓಹಾಯೊ ರಾಜ್ಯದ ಯೂಕ್ಲಿಡ್ ಅನ್ನೋ ಹಳ್ಳಿ ತನ್ನ ಜಮೀನನ್ನೆಲ್ಲ ವಲಯ ಮಾಡಿ ಹಂಚಿದಾಗ ಒಂದು ರಿಯಲ್ ಎಸ್ಟೇಟ್ ಕಂಪನಿ ಕೋರ್ಟಿಗೆ ಹೋಯ್ತು. 1926ರಲ್ಲಿ ಸುಪ್ರೀಂ ಕೋರ್ಟು ಹಳ್ಳಿಯ ಪರ ತೀರ್ಪು ಕೊಟ್ಟಿತು. ಆವತ್ತಿನಿಂದ ಝೋನಿಂಗ್ ಅನ್ನೋದು ಊರಿನವರ ಹಕ್ಕು. ಗಾಂಜಾ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಅದನ್ನೇ 2013ರಲ್ಲಿ ಮತ್ತೆ ಹೇಳಿತು. ರಿವರ್‌ಸೈಡ್ ಸಿಟಿಯವರು ತಮ್ಮ ಝೋನಿಂಗ್ ಕೋಡಿನಲ್ಲಿ ಡಿಸ್ಪೆನ್ಸರಿ, ಅಂದರೆ ಔಷಧಿಯ ಗಾಂಜಾ ಮಾರೋ ಅಂಗಡಿ, ನಿಷಿದ್ಧ ಅಂತ ಬರೆದು, ಇದ್ದ ಒಂದನ್ನು ಮುಚ್ಚಿಸೋಕೆ ಹೊರಟರು. ಔಷಧಿಗಾಗಿ ಗಾಂಜಾ ಬಳಸಬಹುದು ಅಂತ 1996ರಿಂದಲೇ ರಾಜ್ಯದ ಕಾನೂನಿತ್ತು. ಅಂಗಡಿಯವರು ಅದನ್ನೇ ಹಿಡಿದು ವಾದಿಸಿದರು. ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ಸಿಟಿಯ ಪರ ನಿಂತರು. ರಾಜ್ಯ ನಿಮ್ಮನ್ನು ಜೈಲಿಗೆ ಹಾಕಲ್ಲ ಅಂದರೆ ಊರು ನಿಮಗೆ ಜಾಗ ಕೊಡಲೇಬೇಕು ಅಂತೇನಿಲ್ಲ ಅನ್ನೋದು ತೀರ್ಪಿನ ತಿರುಳು.

— ಸರಿಯಾದ ಮಾತೇ. ಕಸಾಯಿಖಾನೆ ಕಾನೂನುಬದ್ಧ, ಹಾಗಂತ ಶಾಲೆ ಪಕ್ಕ ಕಟ್ಟೋಕಾಗುತ್ತಾ? ನನಗೆ ಇದರಲ್ಲಿ ತಪ್ಪೇನೂ ಕಾಣಲ್ಲ.

— ತಪ್ಪು ಅಂತ ನಾನೂ ಅನ್ನಲ್ಲ. ನನ್ನ ಸಂಬಳ ಬರೋದೇ ಅದರಿಂದ. ನಿಯಮದ ಉದ್ದೇಶ ಒಂದು, ನಕ್ಷೆಯ ಮೇಲೆ ಅದು ಮಾಡೋ ಕೆಲಸ ಇನ್ನೊಂದು ಆದಾಗ ಏನಾಗುತ್ತೆ ಅಂತ ಹೇಳ್ತೀನಿ ಕೇಳಿ. ಇತ್ತೀಚೆಗೆ ಕೌಂಟರಿಗೆ ಒಬ್ಬ ಹೆಂಗಸು ಬಂದಳು. ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಲೀಸ್ ಕಾಗದ ನೀಟಾಗಿ ಇಟ್ಟುಕೊಂಡು ಬಂದಿದ್ದಳು. ಮೊದಲು ಹಾಸಿಗೆ ಮಾರ್ತಿದ್ದ ಮಳಿಗೆ ಅದು, ಸಾಲಂಗಡಿಗಳ ಕೊನೇದು. ನಮ್ಮ ಸಿಟಿಯಲ್ಲಿ ಕೆಲವೇ ಅಂಗಡಿಗೆ ಅವಕಾಶ, ಅದಕ್ಕೆ ಅರ್ಜಿ ಹಾಕಬೇಕಾದರೆ ಮೊದಲು ಜಾಗ ಕೈಯಲ್ಲಿರಬೇಕು. ಅಡ್ವಾನ್ಸ್ ಕೊಟ್ಟು, ಖಾಲಿ ಮಳಿಗೆಗೆ ಬಾಡಿಗೆ ಕಟ್ಟುತ್ತಾ ಬಂದಿದ್ದಳು.

— ಶಾಲೆ ಹತ್ತಿರ ಇತ್ತೇನು?

— ಒಂದು ಡೇಕೇರ್ ಇತ್ತು, ಹಿಂದಿನ ರಸ್ತೆಯಲ್ಲಿ. ಅಂಗಡಿ ಬಾಗಿಲಿಂದ ನಡೆದು ಹೋಗಬೇಕು ಅಂದರೆ ಪಾರ್ಕಿಂಗ್ ದಾಟಿ, ಸಿಗ್ನಲ್ ದಾಟಿ, ಗೋಡೆ ಸುತ್ತಿ ಹೋಗಬೇಕು. ಮಗುವನ್ನು ಕರೆದುಕೊಂಡು ಹೋಗೋ ಯಾರಿಗೂ ಅದು ಹತ್ತಿರ ಅನ್ನಿಸಲ್ಲ. ಅವಳು ಫೋನಿನಲ್ಲಿ ನೋಡಿದ್ದೂ ಆ ದೂರವನ್ನೇ. ರಾಜ್ಯದ ನಿಯಮ ಶಾಲೆ, ಡೇಕೇರ್, ಯೂತ್ ಸೆಂಟರ್ ಇವುಗಳಿಂದ 600 ಅಡಿ ಅಂತ. ಸಿಟಿ ಬೇರೆ ಅಂತರ ಹೇಳಿದರೆ ಅದೇ ನಡೆಯುತ್ತೆ. ಆದರೆ ಅಳೆಯೋದು ಬಾಗಿಲಿಂದ ಬಾಗಿಲಿಗೆ ಅಲ್ಲ. ಆ ಸೈಟಿನ ಗಡಿಯಿಂದ ಈ ಸೈಟಿನ ಗಡಿಗೆ, ನೇರ ಗೆರೆ. ಮಧ್ಯೆ ಗೋಡೆ ಇರಲಿ, ಕಾಲುವೆ ಇರಲಿ, ಲೆಕ್ಕಕ್ಕಿಲ್ಲ.

— ಮಾಲ್ ಪೂರ್ತಿ ಒಂದೇ ಖಾತೆ ಅಂತ ಹೇಳು ಮತ್ತೆ.

— ನೀವು ಹಿಡಿದುಬಿಟ್ಟಿರಿ ನೋಡಿ! ಅದೇ ಆಗಿದ್ದು. ಅವಳ ಮಳಿಗೆ ಈ ತುದಿಯಲ್ಲಿ. ಆ ತುದಿಯಲ್ಲಿ, ಪಾರ್ಕಿಂಗಿನ ಮೂಲೆಯಲ್ಲಿ, ಕಸದ ತೊಟ್ಟಿ ಇಡೋಕೆ ಮೂರು ಗೋಡೆ ಎಬ್ಬಿಸಿದ್ದಾರೆ. ಸಾಲಂಗಡಿ, ಪಾರ್ಕಿಂಗ್, ಕಸದ ತೊಟ್ಟಿ ಎಲ್ಲ ಸೇರಿ ಒಂದೇ ಪಾರ್ಸೆಲ್. ನಾನು ಡೇಕೇರ್ ಸೈಟಿನ ಸುತ್ತ 600 ಅಡಿ ಬಫರ್ ಎಳೆದೆ. ಪರದೆ ಮೇಲೆ ಆ ಗೆರೆ ಬಂದು ಕಸದ ತೊಟ್ಟಿಯ ಮೂಲೆಯನ್ನು ಮುಟ್ಟಿತು. ಅಷ್ಟೇ, ಇಡೀ ಪಾರ್ಸೆಲ್ ಕೆಂಪಾಯಿತು.

— ಕೆಂಪು ಅಂದರೆ ನಮ್ಮಲ್ಲಿ ಸಾರ್ವಜನಿಕ ಕಟ್ಟಡ. ನೀನು ತೋರಿಸಿದ ಝೋನಿಂಗ್ ಮ್ಯಾಪಿನಲ್ಲಿ ಅಂಗಡಿ ಬೀದಿಯೆಲ್ಲ ಕೆಂಪು ಬಳಿದಿತ್ತು, ನನಗೆ ಅದು ಆಸ್ಪತ್ರೆ, ಕಚೇರಿ ಇರೋ ಜಾಗ ಅನ್ನಿಸಿತ್ತು. ನಮ್ಮ ಊರಿನ ಅಭಿವೃದ್ಧಿ ಯೋಜನೆ, ಸಿಡಿಪಿಯಲ್ಲಿ ವಾಣಿಜ್ಯಕ್ಕೆ ನೀಲಿ ಹಾಕಿ ಹಾಕಿ ಕೈ ಪಳಗಿದೆಯಲ್ಲ. ವಸತಿಗೆ ಹಳದಿ, ಅದೊಂದು ಎರಡೂ ಕಡೆ ಒಂದೇ. ಆಮೇಲೆ ಆ ಹೆಂಗಸು ಏನು ಮಾಡಿದಳು?

— ಏನೂ ಮಾತಾಡಲಿಲ್ಲ. ಪರದೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆ ತೊಟ್ಟಿಯನ್ನು ಬೇರೆ ಕಡೆ ಇಟ್ಟರೆ ಆಗುತ್ತಾ ಅಂತ ಕೇಳಿದಳು. ಆಗಲ್ಲ ಅಂದೆ. ಅಲ್ಲಿರೋದು ತೊಟ್ಟಿಯಲ್ಲ, ಸೈಟಿನ ಗಡಿ.

— ನಮ್ಮಲ್ಲಿ ಮದ್ಯದಂಗಡಿಗೆ ದೇವಸ್ಥಾನ, ಶಾಲೆ, ಆಸ್ಪತ್ರೆಯಿಂದ 100 ಮೀಟರ್ ಅಂತ ಇದೆ. ಅದನ್ನು ಜನ ನಡೆಯೋ ದಾರಿಯಲ್ಲಿ ಅಳೀತಾರೆ, ಆಕಾಶದಲ್ಲಿ ಅಲ್ಲ. ಅದರಲ್ಲೂ ಆಟ ಇಲ್ಲ ಅಂತಲ್ಲ. ಹೆದ್ದಾರಿಯಿಂದ 500 ಮೀಟರ್ ದೂರ ಇರಬೇಕು ಅಂತ 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತಲ್ಲ, ಆಗ ಕೇರಳದ ಉತ್ತರ ಪರವೂರಿನಲ್ಲಿ ಒಂದು ಬಾರಿನವರು ಬಾಗಿಲ ಮುಂದೆ ಹಾವಿನ ಹಾಗೆ ಸುತ್ತೋ ದಾರಿ ಕಟ್ಟಿಸಿ ದೂರ ಜಾಸ್ತಿ ಮಾಡಿಕೊಂಡರು. ಬಾರು ಇದ್ದಲ್ಲೇ ಇತ್ತು, ಕುಡಿಯೋಕೆ ಹೋಗುವವನಿಗೆ ವ್ಯಾಯಾಮ ಹೆಚ್ಚಾಯ್ತು.

— ಇಲ್ಲಿ ಅದರ ಉಲ್ಟಾ ಆಗಿದೆ. ನ್ಯೂಯಾರ್ಕಿನಲ್ಲಿ 2021ರಲ್ಲಿ ಕಾನೂನು ಬಂತು. ಶಾಲೆಯ ಆವರಣದಿಂದ 500 ಅಡಿ, ಪ್ರಾರ್ಥನಾ ಮಂದಿರದಿಂದ 200 ಅಡಿ ಅಂತ ಅದರಲ್ಲಿದೆ. ಲೈಸೆನ್ಸ್ ಕೊಡೋ ರಾಜ್ಯದ ಕಚೇರಿಯವರೇ ಶಾಲೆಯ ದೂರವನ್ನು ಬಾಗಿಲಿಂದ ಬಾಗಿಲಿಗೆ ಅಳೆದು ವರ್ಷಗಟ್ಟಲೆ ಅನುಮತಿ ಕೊಟ್ಟರು. 2025ರ ಜುಲೈನಲ್ಲಿ, ಅಯ್ಯೋ, ಕಾನೂನಿನ ಪ್ರಕಾರ ಶಾಲೆಯ ಸೈಟಿನ ಗಡಿಯಿಂದ ಅಳೆಯಬೇಕಿತ್ತು ಅಂತ ಅವರೇ ಒಪ್ಪಿಕೊಂಡರು. ನೂರೈವತ್ತರಷ್ಟು ಅಂಗಡಿಗಳು ಮತ್ತು ಅರ್ಜಿದಾರರು ಒಂದೇ ದಿನದಲ್ಲಿ ನಿಯಮಬಾಹಿರ ಆಗಿಹೋದರು. ಅದರಲ್ಲಿ ಎಷ್ಟೋ ಅಂಗಡಿಗಳು ಆಗಲೇ ತೆರೆದು ವ್ಯಾಪಾರ ಮಾಡ್ತಿದ್ದವು. ಅಂಗಡಿಯವರು ಕೋರ್ಟಿಗೆ ಹೋದರು, ಕಾನೂನೇ ತಿದ್ದಿಸೋಣ ಅಂತ ಸರ್ಕಾರ ಹೇಳಿತು.

— ಅಳತೆಪಟ್ಟಿ ಹಿಡಿದವನ ತಪ್ಪಿಗೆ ಅಂಗಡಿ ಇಟ್ಟವನು ದಂಡ ಕಟ್ಟಬೇಕು. ಯಾವ ದೇಶವಾದರೇನು. ಇರಲಿ, ಈ 500, 600, ಕೆಲವು ಕಡೆ 1,000 ಅನ್ನೋ ಅಂಕಿಗಳು ಎಲ್ಲಿಂದ ಬಂದವು? ಯಾರಾದರೂ ಅಧ್ಯಯನ ಮಾಡಿ ಇಟ್ಟಿದ್ದಾ?

— 1,000 ಅಡಿ ಬಂದದ್ದು ಕೇಂದ್ರದ ಮಾದಕ ವಸ್ತು ಕಾನೂನಿಂದ. ಶಾಲೆಯ 1,000 ಅಡಿಯೊಳಗೆ ಮಾರಿ ಸಿಕ್ಕಿಬಿದ್ದರೆ ಶಿಕ್ಷೆ ಹೆಚ್ಚು ಅಂತ ಅದರಲ್ಲಿದೆ. ರಾಜ್ಯಗಳು ಒಪ್ಪಿದರೂ ಕೇಂದ್ರದ ಪ್ರಕಾರ ಈ ವ್ಯಾಪಾರ ಈಗಲೂ ಅಪರಾಧ, ಗೊತ್ತಲ್ಲ. ಕೊಲೊರಾಡೊದಲ್ಲಿ ಫೆಡರಲ್ ಸರ್ಕಾರದ ವಕೀಲರಾಗಿದ್ದ ಜಾನ್ ವಾಲ್ಷ್ 2012ರ ಜನವರಿಯಲ್ಲಿ ಶಾಲೆಗಳ 1,000 ಅಡಿಯೊಳಗಿದ್ದ 23 ಮೆಡಿಕಲ್ ಗಾಂಜಾ ಅಂಗಡಿಗಳಿಗೆ 45 ದಿನದಲ್ಲಿ ಮುಚ್ಚಿ ಅಂತ ಪತ್ರ ಬರೆದರು. ಅದೇ ವರ್ಷ ವಾಷಿಂಗ್ಟನ್ ರಾಜ್ಯದವರು ಕಾನೂನು ಮಾಡುವಾಗ 1,000 ಅಡಿಯನ್ನೇ ಬರೆದುಕೊಂಡರು. ಶಾಲೆ ಒಂದರಿಂದ ಮಾತ್ರ ಅಲ್ಲ, ಆಟದ ಮೈದಾನ, ಪಾರ್ಕು, ಲೈಬ್ರರಿ, ಡೇಕೇರ್, ಬಸ್ ನಿಲ್ದಾಣ, ವಿಡಿಯೊ ಗೇಮ್ ಆಡೋ ಅಂಗಡಿ ಎಲ್ಲದರಿಂದ.

— ಪಾರ್ಕಿಂದಲೂ 1,000 ಅಡಿನಾ? ಈ ಊರಲ್ಲಿ ಎರಡು ಬೀದಿಗೊಂದು ಪಾರ್ಕಿದೆ. ಒಂದು ಪೇಪರ್ ಕೊಡು ಇಲ್ಲಿ. ವೃತ್ತದ ತ್ರಿಜ್ಯ 600 ಅಡಿ ಆದರೆ ಒಳಗೆ 26 ಎಕರೆ ಸಿಕ್ಕಿಕೊಳ್ಳುತ್ತೆ. 1,000 ಅಡಿ ಮಾಡಿದರೆ... 72 ಎಕರೆ. ಅಂಕಿ ಒಂದೂಮುಕ್ಕಾಲು ಪಟ್ಟೂ ಆಗಿಲ್ಲ, ಜಾಗ ಮೂರು ಪಟ್ಟಿಗೆ ಹತ್ತಿರ ಬಂತು. ಇದೂ ಒಂದೇ ಬಿಂದುವಿನಿಂದ ಎಳೆದ ಲೆಕ್ಕ. ಶಾಲೆಯ ಸೈಟೇ ಹತ್ತೆಕರೆ ಇದ್ದು, ಗಡಿಯಿಂದ ಅಳೆದರೆ ಇನ್ನೂ ಹೆಚ್ಚು. ಪಟ್ಟಿಗೆ ಇನ್ನೊಂದು ಹೆಸರು ಸೇರಿಸಿದ ಹಾಗೆಲ್ಲ ವೃತ್ತಗಳು ಒಂದರ ಮೇಲೊಂದು ಬಿದ್ದು ಊರು ಮುಚ್ಚಿಹೋಗುತ್ತೆ. ಕೌನ್ಸಿಲರ್ ಸಭೆಯಲ್ಲಿ ‘ಬರೀ ನಾನೂರು ಅಡಿ ಜಾಸ್ತಿ ಮಾಡೋಣ’ ಅಂದರೆ ಎದುರಿಗೆ ಕೂತವರಿಗೆ ಇದು ಹೊಳೆಯಲ್ಲ.

— ವಾಷಿಂಗ್ಟನ್‌ನವರಿಗೆ ಹೊಳೀತು, ತಡವಾಗಿ. 2015ರಲ್ಲಿ ತಿದ್ದುಪಡಿ ಮಾಡಿ, ಶಾಲೆ ಮತ್ತು ಆಟದ ಮೈದಾನದ 1,000 ಅಡಿ ಹಾಗೇ ಉಳಿಸಿ, ಮಿಕ್ಕಿದ್ದನ್ನು ಊರಿನವರು ಬೇಕಾದರೆ 100 ಅಡಿವರೆಗೆ ಇಳಿಸಬಹುದು ಅಂದರು.

— ಅದು ಬುದ್ಧಿವಂತರ ಕೆಲಸ. ಮಕ್ಕಳು ದಿನಾ ಓಡಾಡೋ ಜಾಗ ಬೇರೆ, ಬಸ್ ನಿಲ್ದಾಣ ಬೇರೆ. ಸರಿ, ಇಷ್ಟೆಲ್ಲ ವೃತ್ತ ಎಳೆದ ಮೇಲೆ ಉಳಿಯೋ ಜಾಗ ಎಲ್ಲಿರುತ್ತೆ? ಊಹಿಸಬಲ್ಲೆ, ಆದರೂ ಹೇಳು.

— ಊಹಿಸಿದ್ದೇ ಸರಿ. ಉಳಿಯೋ ಜಾಗಕ್ಕೆ ಗ್ರೀನ್ ಝೋನ್ ಅಂತಾರೆ, ಆದರೆ ಅಲ್ಲಿ ಹಸಿರು ಕಡ್ಡಿಯೂ ಇರಲ್ಲ. ಕೈಗಾರಿಕಾ ವಲಯ. ಡೆನ್ವರ್‌ನಲ್ಲಿ 2014ರ ಜನವರಿ 1ಕ್ಕೆ ಎಲ್ಲ ವಯಸ್ಕರಿಗೆ ಮಾರಾಟ ಶುರುವಾಯಿತು. ಗಿಡ ಬೆಳೆಸೋ ಗೋದಾಮುಗಳೆಲ್ಲ ಹೋಗಿ ಕೂತದ್ದು ಊರಿನ ಉತ್ತರಕ್ಕೆ, ಗ್ಲೋಬ್‌ವಿಲ್, ಎಲಿರಿಯಾ-ಸ್ವಾನ್ಸಿಯಾ ಅನ್ನೋ ಕಡೆ. ಅಲ್ಲಿ ಐ-70 ಹೆದ್ದಾರಿ ಮನೆಗಳ ಮಧ್ಯೆಯೇ ಹೋಗುತ್ತೆ, ಕಾರ್ಖಾನೆಗಳ ಪಕ್ಕದಲ್ಲೇ ಮನೆಗಳಿವೆ. ಹೆಚ್ಚಿನವರು ಲ್ಯಾಟಿನೊ ಕುಟುಂಬದವರು. ನೂರಾರು ಗಿಡ ಒಂದೇ ಸೂರಿನಡಿ ಹೂ ಬಿಟ್ಟರೆ ಬರೋ ವಾಸನೆ ಇದೆಯಲ್ಲ, ಅದು ರಾತ್ರಿ ಹಗಲು ಅವರ ಮನೆಯೊಳಗೆ. ಅಂಗಡಿ ತಮ್ಮ ಪಕ್ಕ ಬೇಡ ಅಂದ ಶ್ರೀಮಂತರ ಬಡಾವಣೆಗೆ ಅದರ ಸುಳಿವೂ ಇಲ್ಲ.

— ನಮ್ಮಲ್ಲೂ ಅಷ್ಟೇ ಕಣೇ. ಯಾರು ತಕರಾರು ಅರ್ಜಿ ಹಾಕ್ತಾರೋ ಅವರ ಬೀದಿಯಿಂದ ಕೆಟ್ಟದ್ದು ಸರಿದು, ಅರ್ಜಿ ಬರೆಯೋಕೆ ಬಾರದವರ ಬೀದಿಗೆ ಹೋಗುತ್ತೆ. ಆ ಗೋದಾಮುಗಳ ಬಾಡಿಗೆ ಏರಿರಬೇಕು?

— ಏರದೆ ಇರುತ್ತಾ? ಊರಲ್ಲಿ ಅನುಮತಿ ಸಿಗಬಹುದಾದ ಸೈಟು ಬೆರಳೆಣಿಕೆಯಷ್ಟು. ಅದರಲ್ಲೂ ಬ್ಯಾಂಕ್ ಸಾಲ ಇರೋ ಮಾಲೀಕ ಈ ಬಾಡಿಗೆದಾರನನ್ನು ಇಟ್ಟುಕೊಳ್ಳೋ ಹಾಗಿಲ್ಲ, ಕೇಂದ್ರದ ಕಾನೂನಿನ ಭಯ. ಉಳಿದ ಒಂದಿಬ್ಬರು ಮಾಲೀಕರು ಕೇಳಿದ್ದೇ ರೇಟು. ಅದಕ್ಕೇ ದುಡ್ಡಿದ್ದ ದೊಡ್ಡ ಕಂಪನಿ ನಿಲ್ಲುತ್ತೆ, ಆ ಫೋಲ್ಡರ್ ಹಿಡಿದು ಬಂದ ಹೆಂಗಸಿನಂಥವರು ಬೀಳ್ತಾರೆ.

— ಆ ಮಾತು ಬಂತಲ್ಲ, ಒಂದು ಕೇಳಬೇಕು ಅಂತಿದ್ದೆ. ಮೊನ್ನೆ ಸಂಘದ ಯುಗಾದಿ ಊಟದಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗ ಗೋದಾಮು ಕೊಳ್ಳೋ ಮಾತಾಡ್ತಿದ್ದ. ಗಾಂಜಾ ಕಂಪನಿಗೆ ಬಾಡಿಗೆ ಕೊಟ್ಟರೆ ಎರಡು ಮೂರು ಪಟ್ಟು ಬರುತ್ತೆ ಅಂತ ಹೋಳಿಗೆ ಮೇಲೆ ತುಪ್ಪ ಸುರ್ಕೊಂಡು ಹೇಳಿದ. ಇನ್ನೂ ಗ್ರೀನ್ ಕಾರ್ಡ್ ಇದೆಯಂತೆ, ಸಿಟಿಜನ್ ಆಗಿಲ್ಲ.

— ದಯವಿಟ್ಟು ಅವನಿಗೆ ಹೇಳಿ, ಮೊದಲು ಇಮಿಗ್ರೇಷನ್ ವಕೀಲರ ಹತ್ತಿರ ಹೋಗಲಿ, ಆಮೇಲೆ ಬ್ರೋಕರ್ ಹತ್ತಿರ. ವಲಸೆ ಇಲಾಖೆಯವರು 2019ರ ಏಪ್ರಿಲ್‌ನಲ್ಲೇ ಸ್ಪಷ್ಟವಾಗಿ ಬರೆದು ಹೇಳಿದ್ದಾರೆ: ರಾಜ್ಯದಲ್ಲಿ ಕಾನೂನುಬದ್ಧವಾದರೂ ಗಾಂಜಾ ವ್ಯಾಪಾರದಲ್ಲಿ ತೊಡಗಿದವರಿಗೆ ಪೌರತ್ವ ನಿರಾಕರಿಸಬಹುದು ಅಂತ. ಅಂಗಡಿಯಲ್ಲಿ ಸಂಬಳಕ್ಕೆ ದುಡಿದವರಿಗೂ ತೊಂದರೆ ಆಗಿದೆ. ಸಿಟಿ ಅನುಮತಿ, ರಾಜ್ಯದ ಲೈಸೆನ್ಸ್ ಎರಡೂ ಇವೆ ಅಂತ ಅಲ್ಲಿ ತೋರಿಸಿದರೆ ಅದೇ ಅವನ ವಿರುದ್ಧ ಸಾಕ್ಷಿ.

— ಇವತ್ತೇ ಫೋನ್ ಮಾಡ್ತೀನಿ. ಒಂದು ಪ್ರಶ್ನೆ. ಊರಿಗೂ ಆದಾಯ ಬರುತ್ತಲ್ಲ, ಮತ್ತೆ ಯಾಕೆ ಇಷ್ಟೊಂದು ಊರುಗಳು ಬೇಡ ಅಂತಾವೆ?

— ನ್ಯೂಜೆರ್ಸಿ ನೋಡಿ. 2020ರ ನವೆಂಬರಿನಲ್ಲಿ ಮೂರರಲ್ಲಿ ಎರಡು ಪಾಲು ಜನ ಗಾಂಜಾ ಕಾನೂನುಬದ್ಧ ಆಗಲಿ ಅಂತ ಓಟು ಹಾಕಿದರು. ಮಾರನೇ ವರ್ಷ ಕಾನೂನು ಬಂದು, ಬೇಡ ಅನ್ನೋ ಊರುಗಳು ಆಗಸ್ಟ್ 21ರೊಳಗೆ ಹೇಳಿ ಅಂದರು. ಒಟ್ಟು 565 ಊರುಗಳಲ್ಲಿ 400ರಷ್ಟು ಬೇಡ ಅಂದವು.

— ಅದೇ ಜನ, ಅದೇ ಊರು!

— ಹಾಗಂತ ಜನ ಸುಳ್ಳರು ಅಂತ ನಾನು ಅನ್ನಲ್ಲ. ಓಟು ಹಾಕುವಾಗ ಕೇಳಿದ ಪ್ರಶ್ನೆ, ಗಾಂಜಾ ಇಟ್ಟುಕೊಂಡ ಹುಡುಗನನ್ನು ಪೊಲೀಸರು ಹಿಡಿಯಬೇಕಾ ಅಂತ. ಕೌನ್ಸಿಲ್ ಸಭೆಯಲ್ಲಿ ಕೇಳೋ ಪ್ರಶ್ನೆ, ನಿಮ್ಮ ಬೀದಿಯ ಕೊನೆಯ ಮಳಿಗೆಯಲ್ಲಿ ಅಂಗಡಿ ಬೇಕಾ ಅಂತ. ಮೊದಲನೇದಕ್ಕೆ ಬೇಡ, ಎರಡನೇದಕ್ಕೂ ಬೇಡ. ಅದೂ ಅಲ್ಲದೆ ಮಂಗಳವಾರ ರಾತ್ರಿಯ ಸಭೆಗೆ ಬರೋರು ವಿರೋಧ ಇರೋರೇ. ಪರ ಇರೋರು ಮನೇಲಿ ಟಿವಿ ನೋಡ್ತಿರ್ತಾರೆ. ವಿರೋಧಿಸೋರಿಗೂ ಕಾರಣ ಇಲ್ಲ ಅಂತಿಲ್ಲ. ಮ್ಯಾಸಚೂಸೆಟ್ಸಿನಲ್ಲಿ 2018ರ ನವೆಂಬರಿನಲ್ಲಿ ಮೊದಲ ಎರಡು ಅಂಗಡಿ ತೆರೆದಾಗ ಲೆಸ್ಟರ್ ಅನ್ನೋ ಸಣ್ಣ ಊರಿನಲ್ಲಿ ಕಾರುಗಳ ಸಾಲು ಎಷ್ಟಾಯಿತು ಅಂದರೆ ಊರಿನವರು ತಮ್ಮ ಮನೆಯ ಗೇಟಿಂದ ಕಾರು ಹೊರಗೆ ತೆಗೆಯೋಕೆ ಒದ್ದಾಡಿದರು.

— ಪಕ್ಕದ ಊರುಗಳೆಲ್ಲ ಬೇಡ ಅಂದರೆ ಒಪ್ಪಿದ ಊರಿಗೆ ಜಾತ್ರೆ.

— ಹೌದು. ಆರೆಗಾನ್‌ನ ಗಡಿಯಲ್ಲಿ ಆಂಟೇರಿಯೊ ಅಂತ ಒಂದು ಊರಿದೆ, ಜನಸಂಖ್ಯೆ ಸುಮಾರು 11,000. ಅದರಾಚೆಗೆ ಐಡಾಹೊ, ಅಲ್ಲಿ ಪೂರ್ತಿ ನಿಷೇಧ. 2018ರಲ್ಲಿ ಆಂಟೇರಿಯೊದ ಜನ ಅಂಗಡಿ ಬರಲಿ ಅಂತ ಓಟು ಹಾಕಿದರು, ಮಾರನೇ ವರ್ಷದಿಂದ ಅಂಗಡಿ ಮುಂದೆ ನಿಲ್ಲೋ ಕಾರುಗಳಲ್ಲಿ ಐಡಾಹೊ ನಂಬರ್ ಪ್ಲೇಟುಗಳೇ ಹೆಚ್ಚು.

— ದುಡ್ಡು ಇಷ್ಟಿರೋ ಕಡೆ, ಅನುಮತಿ ಕೆಲವರಿಗೆ ಮಾತ್ರ ಅಂದರೆ, ಮಧ್ಯೆ ಕೈ ಚಾಚೋನು ಒಬ್ಬ ಇದ್ದೇ ಇರ್ತಾನೆ. ಅಮೆರಿಕದಲ್ಲಿ ಅದೆಲ್ಲ ಇಲ್ಲ ಅಂತ ಮಾತ್ರ ಹೇಳಬೇಡ.

— ಹೇಳಲ್ಲ. ಮ್ಯಾಸಚೂಸೆಟ್ಸಿನಲ್ಲೇ ಫಾಲ್ ರಿವರ್ ಅನ್ನೋ ಊರಿನ ಮೇಯರ್ ಆಗಿದ್ದ ಜೇಸಿಯಲ್ ಕೊರೆಯಾ, ಅಂಗಡಿಗೆ ನಮ್ಮ ವಿರೋಧವಿಲ್ಲ ಅಂತ ಸಿಟಿ ಕೊಡಬೇಕಾದ ಪತ್ರಕ್ಕೆ ಗಾಂಜಾ ವ್ಯಾಪಾರಿಗಳಿಂದ ಹಣ ಕಿತ್ತ ಅಂತ 2021ರಲ್ಲಿ ತೀರ್ಪಾಗಿ ಆರು ವರ್ಷ ಜೈಲಾಯಿತು.

— ಎನ್‌ಒಸಿ ಅನ್ನು. ಎನ್‌ಒಸಿ ಇರೋ ತನಕ ಕೊರೆಯಾಗಳು ಇರ್ತಾರೆ. ಅಲ್ಲ, ಇಷ್ಟು ಕಡಿಮೆ ಅಂಗಡಿ ಅಂದರೆ ಸೇದೋರೂ ಕಡಿಮೆ ಆಗ್ತಾರಲ್ಲ? ಅದಾದರೂ ಲಾಭ ಅಲ್ವಾ?

— ಲಾಸ್ ಏಂಜಲೀಸ್‌ನಲ್ಲಿ ಹಾಗಾಗಲಿಲ್ಲ. 2013ರಲ್ಲಿ ಮತಕ್ಕೆ ಹಾಕಿ, ಹಳೆಯ 135ರಷ್ಟು ಡಿಸ್ಪೆನ್ಸರಿ ಮಾತ್ರ ಇರಲಿ ಅಂತ ಮಾಡಿದರು. ಲೈಸೆನ್ಸ್ ಇಲ್ಲದವು ನೂರಾರು ಹಾಗೇ ನಡೆದವು. ಒಂದು ಮುಚ್ಚಿಸಿದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಬೋರ್ಡು. ಆ ಅಂಗಡಿಗಳಿಗೆ ತೆರಿಗೆಯೂ ಇಲ್ಲ, ವಯಸ್ಸು ನೋಡೋರೂ ಇಲ್ಲ, ಮಾಲಿನಲ್ಲಿ ಕೀಟನಾಶಕ ಎಷ್ಟಿದೆ ಅಂತ ಪರೀಕ್ಷೆಯೂ ಇಲ್ಲ. ಶಾಲೆಯಿಂದ ಎಷ್ಟು ದೂರ ಅನ್ನೋದಂತೂ ಬಿಟ್ಟೇಬಿಡಿ, ಅವರ ಮೇಲೆ ಯಾರೂ ಬಫರ್ ಎಳೆಯಲ್ಲ.

— ನಿಯಮ ಪಾಲಿಸೋಕೆ ಬಂದವನ ಕೈಗೆ ಮಾತ್ರ ಕೋಳ. ನಿಮ್ಮ ಸನ್ನಿವೇಲ್‌ನಲ್ಲಿ ಬೇಕಾದವರು ಏನು ಮಾಡ್ತಾರೆ ಮತ್ತೆ?

— ಫೋನಿನಲ್ಲಿ ಆರ್ಡರ್ ಮಾಡ್ತಾರೆ, ಸ್ಯಾನ್ ಹೋಸೆಯಿಂದ ವ್ಯಾನ್ ಬರುತ್ತೆ. ಲೈಸೆನ್ಸ್ ಇರೋರು ಯಾವ ಊರಿಗಾದರೂ ತಲುಪಿಸಬಹುದು ಅಂತ 2019ರಲ್ಲಿ ರಾಜ್ಯ ನಿಯಮ ಮಾಡಿತು. ಸಾಂತಾ ಕ್ರೂಝ್ ಕೌಂಟಿ, ಬೆವರ್ಲಿ ಹಿಲ್ಸ್ ಸೇರಿ ಹಲವು ಊರುಗಳು ಕೋರ್ಟಿಗೆ ಹೋದವು, ಗೆಲ್ಲಲಿಲ್ಲ. 2024ರ ಜನವರಿಯಿಂದಂತೂ ಔಷಧಿಗಾಗಿ ಬಳಸೋರಿಗೆ ಮನೆಗೆ ತಲುಪಿಸೋದನ್ನು ಯಾವ ಸಿಟಿಯೂ ತಡೆಯೋ ಹಾಗಿಲ್ಲ. ನಮ್ಮ ಬೀದಿಯಲ್ಲೂ ವ್ಯಾನ್ ನಿಲ್ಲುತ್ತೆ ಮಾವ. ತರಕಾರಿ ತರೋದೂ ಅಂಥದ್ದೇ ವ್ಯಾನು, ನಿಮಗೆ ಗೊತ್ತಾಗಲ್ಲ.

— ಓಹೋ! ಅಂಗಡಿ ಬೇಡ ಅಂದ ಊರಿಗೆ ಅಂಗಡಿಯ ತೆರಿಗೆ ಮಾತ್ರ ಬೇಡವಾಯ್ತು, ಗಾಂಜಾ ಬಂತು. ಸರಿ, ನನ್ನ ಅಭಿಪ್ರಾಯ ಹೇಳ್ತೀನಿ, ಹಳೇ ತಲೆ ಅಂತ ನಗಬೇಡ. ಶಾಲೆ ಮುಂದೆ ಬೇಡ, ಅದರಲ್ಲಿ ನಾನು ಜಗ್ಗಲ್ಲ. ಬೇಡವೇ ಬೇಡ ಅನ್ನೋ ಊರು ಬೇಡ ಅನ್ನಲಿ, ಅದೂ ಅವರ ಹಕ್ಕು. ಕದ್ದು ಮುಚ್ಚಿ ಬೇಡ ಅನ್ನೋದು ಮಾತ್ರ ನನಗೆ ಹಿಡಿಸಲ್ಲ. ಅನುಮತಿ ಇದೆ ಅಂತ ಬೋರ್ಡು ಹಾಕಿ, ಅಂತರದ ಅಂಕಿ ಏರಿಸಿ, ಊರಲ್ಲಿ ಒಂದು ಸೈಟೂ ಉಳಿಯದ ಹಾಗೆ ಮಾಡೋದು.

— ಆರೆಗಾನ್‌ನವರು 2015ರಲ್ಲಿ ನೀವು ಹೇಳಿದ ಹಾಗೇ ಮಾಡಿದರು. ಅದರ ಹಿಂದಿನ ವರ್ಷ ಗಾಂಜಾ ಕಾನೂನಿನ ಮತದಾನದಲ್ಲಿ ಶೇಕಡಾ 55 ಅಥವಾ ಅದಕ್ಕಿಂತ ಹೆಚ್ಚು ಜನ ವಿರೋಧಿಸಿದ್ದ ಕೌಂಟಿಗಳಲ್ಲಿ ಕೌನ್ಸಿಲ್ ನೇರವಾಗಿ ನಿಷೇಧ ಮಾಡಬಹುದಿತ್ತು. ಉಳಿದ ಕಡೆ ನಿಷೇಧ ಬೇಕಿದ್ದರೆ ಮತ್ತೆ ಜನರ ಮುಂದೆ ಹೋಗಿ ಓಟು ಕೇಳಬೇಕು.

— ಅದು ಮರ್ಯಾದೆಯ ದಾರಿ. ಸಹಿ ಹಾಕಿದವನ ಹೆಸರು ಕಾಣುತ್ತೆ. ನಾನು ಹೇಳಿದ ಕಳ್ಳದಾರಿ ಹಿಡಿದವರು ಯಾರಾದರೂ ಇದ್ದಾರಾ?

— ಕೊಲೊರಾಡೊ ಸ್ಪ್ರಿಂಗ್ಸ್. ಡೆನ್ವರ್‌ನಲ್ಲಿ ಮಾರಾಟ ಶುರುವಾಗಿ ಹತ್ತು ವರ್ಷವಾದರೂ ಆ ಸಿಟಿಯಲ್ಲಿ ಮೆಡಿಕಲ್ ಅಂಗಡಿಗಳು ಮಾತ್ರ ಇದ್ದವು, ಉಳಿದವರಿಗೆ ಮಾರಾಟ ಇಲ್ಲ. ಬೇಕಾದವರು ಪಕ್ಕದ ಮ್ಯಾನಿಟೊ ಸ್ಪ್ರಿಂಗ್ಸ್‌ಗೆ ಹೋಗ್ತಿದ್ದರು. 2024ರ ನವೆಂಬರಿನ ಮತದಾನಕ್ಕೆ ನಾಗರಿಕರೇ ಸಹಿ ಸಂಗ್ರಹಿಸಿ ಒಂದು ಪ್ರಸ್ತಾಪ ತಂದರು: ಇರೋ ಮೆಡಿಕಲ್ ಅಂಗಡಿಗಳೇ ಎಲ್ಲ ವಯಸ್ಕರಿಗೂ ಮಾರಲಿ, ಶಾಲೆಯಿಂದ 1,000 ಅಡಿ ದೂರ ಇರಲಿ ಅಂತ. ಅದು ಗೆದ್ದೀತು ಅಂತ ಅನ್ನಿಸಿ, ಕೌನ್ಸಿಲ್ ಸೆಪ್ಟೆಂಬರಿನಲ್ಲೇ ಒಂದು ಆದೇಶ ಹೊರಡಿಸಿತು. ಅಂಗಡಿ ಬಂದರೆ ಬರಲಿ, ಶಾಲೆ, ಡೇಕೇರ್, ವ್ಯಸನಮುಕ್ತಿ ಕೇಂದ್ರಗಳಿಂದ ಒಂದು ಮೈಲಿ ದೂರ ಇರಬೇಕು.

— ಒಂದು ಮೈಲಿನಾ? ತಾಳು. 5,280 ಅಡಿ. ವೃತ್ತ ಎಳೆದರೆ ಒಳಗೆ 2,000 ಎಕರೆಗೂ ಮೇಲೆ. ನಾಗರಿಕರ ಪ್ರಸ್ತಾಪದಲ್ಲಿ 1,000 ಅಡಿ ಸಾಕಿತ್ತು, ಇದಕ್ಕೆ ಅದರ 28 ಪಟ್ಟು ಜಾಗ ಖಾಲಿ ಇರಬೇಕು. ಅಷ್ಟು ದೊಡ್ಡ ಊರಲ್ಲಿ ಶಾಲೆ ಎಷ್ಟೋ, ಡೇಕೇರ್ ಎಷ್ಟೋ. ಎಲ್ಲದರ ಸುತ್ತ ಮೈಲಿ ಮೈಲಿ ಎಳೆದರೆ ಮಾರೋಕೆ ಉಳಿಯೋದು ಬೆಟ್ಟದ ತುದಿ. ಇದನ್ನ ಬರೆದವನಿಗೆ ಲೆಕ್ಕ ಗೊತ್ತಿತ್ತು ಕಣೇ, ಚೆನ್ನಾಗಿ ಗೊತ್ತಿತ್ತು. ನಾನು ಆ ಸಿಟಿಯ ಪ್ಲಾನರ್ ಆಗಿದ್ದರೆ ಟಿಪ್ಪಣಿಯಲ್ಲಿ ಒಂದೇ ಸಾಲು ಬರೀತಿದ್ದೆ: ಇದು ಅಂತರದ ನಿಯಮ ಅಲ್ಲ, ನಿಷೇಧ, ಹಾಗಂತಲೇ ಕರೆದು ಮತಕ್ಕೆ ಹಾಕಿ.

— ಅದನ್ನೂ ಹಾಕಿದರು ಮಾವ. ನಿಷೇಧವನ್ನು ಊರಿನ ಚಾರ್ಟರಿನಲ್ಲೇ ಬರೆದುಬಿಡೋಣ ಅಂತ ಕೌನ್ಸಿಲ್ ಇನ್ನೊಂದು ಪ್ರಸ್ತಾಪವನ್ನು ಅದೇ ಬ್ಯಾಲಟ್ಟಿಗೆ ತಂದಿತು. ಸ್ವಲ್ಪದರಲ್ಲಿ ಬಿದ್ದುಹೋಯ್ತು. ನಾಗರಿಕರು ತಂದ ಪ್ರಸ್ತಾಪ ಗೆದ್ದಿತು. 2025ರ ಏಪ್ರಿಲ್‌ನಲ್ಲಿ ಅಂಗಡಿಗಳು ಮಾರಾಟ ಶುರು ಮಾಡಿದವು, ಶಾಲೆಯಿಂದ 1,000 ಅಡಿ ಆಚೆಗೆ.